ಜೋಕಾಲಿಯ ಹತ್ತಿರ ಬಿಟ್ಟ ಕೈ

ಪಲ್ಲವಿಯ ಹುಬ್ಬಿನ ಮೇಲಿನ ಗಾಯದ ಗುರುತಿಗೆ ಕಾರಣ ಅವಳ ತಾಯಿಯಲ್ಲ, ನಾನು. ಆ ದಿನದ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿರಬಹುದು — ಅವಳ ತಾಯಿ, ನನ್ನ ವೈನಿ, ಉಟ್ಟ ಸೀರೆ ಹಸಿರೋ ನೀಲಿಯೋ, ಮಳೆ ಬಂದು ನಿಂತಿತ್ತೋ ಇಲ್ಲವೋ, ಪಕ್ಕಾ ಹೇಳಲಾರೆ. ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವವಳಲ್ಲ. ಆದರೆ ಆ ಮಗುವಿನ ಕೈ ನನ್ನ ಕೈಯಲ್ಲಿತ್ತು, ನಾನು ಬಿಟ್ಟೆ — ಇದರಲ್ಲಿ ಅನುಮಾನವಿಲ್ಲ.

ಮದುವೆಯಾದ ಮೇಲೆ ನನ್ನ ಮೊದಲ ನಾಗರಪಂಚಮಿ ಅದು. ಜಮಖಂಡಿಯ ತವರಿಗೆ ಬಂದಿದ್ದೆ. ಹಬ್ಬಕ್ಕೆ ಜೋಕಾಲಿ ಆಡಲೇಬೇಕು. ನಮ್ಮ ಓಣಿಯಲ್ಲಿ ಹಗ್ಗ ಕಟ್ಟುವಂಥ ಮರ ಉಳಿದಿರಲಿಲ್ಲ. ಹಾಗಾಗಿ ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಸಂಜೆ ಗಾರ್ಡನ್ನಿಗೆ ಹೋಗಿ ಮಕ್ಕಳ ಜೋಕಾಲಿಗಳನ್ನೇ ಹಿಡಿಯುತ್ತಿದ್ದೆವು. ಮಕ್ಕಳು ಜಾರುಬಂಡಿಯ ಹತ್ತಿರ ಮುಖ ಊದಿಸಿಕೊಂಡು ನಿಂತಿರುತ್ತಿದ್ದರು; ಹೊಸ ಸೀರೆಯ ತಾಯಂದಿರು ಸೆರಗು ಸಿಕ್ಕಿಸಿ, ಹಲಗೆಯ ಮೇಲೆ ನಿಂತು ಜೀಕುತ್ತಿದ್ದರು.

ಅಣ್ಣನ ಹೆಂಡತಿ, ನನ್ನ ವೈನಿ, ಆ ವರ್ಷ ತಮ್ಮ ತವರು ಸಾವಳಗಿಗೆ ಹೋಗಿರಲಿಲ್ಲ. ಮಗಳು ಬರುತ್ತಾಳೆ, ಉಂಡಿ ಕಟ್ಟಲು ಕೈ ಬೇಕು ಎಂದು ಅವ್ವ ನಿಲ್ಲಿಸಿಕೊಂಡಿದ್ದಳು. ಗಾರ್ಡನ್ನಿಗೆ ಬಂದರೂ ವೈನಿ ಪುಟ್ಟ ಪಲ್ಲವಿಯನ್ನು ಹಿಡಿದು ದೂರವೇ ನಿಂತಿದ್ದರು.

"ಏರ್ರಿ ವೈನಿ, ಇವತ್ತ ನೀವೂ ಈ ಮನಿ ಮಗಳ," ಎಂದು ಒತ್ತಾಯಿಸಿದವಳು ನಾನೇ.

"ಅಯ್ಯ, ನನ್ನ ಭಾರಕ್ಕ ಸರಪಳಿ ಹರೀತೈತಿ."

"ಹರದ್ರ ಅಣ್ಣ ದಂಡ ಕಟ್ಟತಾನ, ಏರ್ರಿ!"

ನಕ್ಕರು. ಮಗುವಿನ ಕೈಯನ್ನು ನನ್ನ ಕೈಯಲ್ಲಿಟ್ಟು, "ಗೀತಾ, ಇಕಿನ್ನ ಬಿಡಬ್ಯಾಡವಾ," ಎಂದರು.

ಪಲ್ಲವಿಯ ಇನ್ನೊಂದು ಕೈಯಲ್ಲಿ ಪಂಚಮಿಯ ಆಟಿಕೆ — ದಾರ ಪೋಣಿಸಿದ ಒಣಕೊಬ್ಬರಿ ಬಟ್ಟಲು. ಜೋಕಾಲಿ ಮೇಲೆ ಮೇಲೆ ಹೋಗುತ್ತಿತ್ತು. ವೈನಿ ಅಷ್ಟು ಬಾಯಿ ತೆರೆದು ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ — ಆಮೇಲೂ. ಅಷ್ಟರಲ್ಲಿ ಹೈಸ್ಕೂಲಿನ ಗೆಳತಿಯೊಬ್ಬಳು ಎದುರಾಗಿ, "ಹೊಸಾ ಬಳಿ ತೋರಸ ಬೇ," ಎಂದಳು. ತೋರಿಸಲು ನನಗೆ ಎರಡೂ ಕೈ ಬೇಕಾದವು.

ಕೊಬ್ಬರಿ ಬಟ್ಟಲು ಜಾರಿ ಉರುಳಿತು — ಮಗು ಅದರ ಹಿಂದೆ ಓಡಿತು — ಹಲಗೆ ಹಿಂದಿರುಗಿ ಬಂತು.

ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಕಣ್ಣಿಗೆ ಏನೂ ಆಗಿರಲಿಲ್ಲ. ಓಡಿ ಬಂದ ಅವ್ವ ಕೇಳಿದ್ದು ಒಂದೇ: "ಹುಡುಗಿನ್ನ ಯಾರ ಹಿಡಕೊಂಡಿದ್ರಿ?"

"ವೈನಿ ಜೋಕಾಲಿ ಮ್ಯಾಲ ಇದ್ರು," ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅದು ಇಷ್ಟು ವರ್ಷ ಬಾಳಿತೇನೋ. ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

"ಮಗಳಕಿಂತ ಜೋಕಾಲಿ ಹೆಚ್ಚಾತೇನ ನಿನಗ?" ಎಂದು ಅವ್ವ ವೈನಿಯನ್ನು ಕೇಳಿದಳು. ವೈನಿ ಅಳುವ ಮಗುವನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದರು. ಒಮ್ಮೆ ನನ್ನ ಕಡೆ ನೋಡಿದರೇ? ನೋಡಿದರು ಅನ್ನಿಸುತ್ತದೆ. ಅಥವಾ, ನೋಡಿರಬೇಕಿತ್ತು ಎಂದು ನಾನೇ ಆಮೇಲೆ —

ಆ ಹುಬ್ಬಿನ ನಡುವೆ ಕೂದಲು ಮತ್ತೆ ಬರಲಿಲ್ಲ. ವೈನಿ ಮತ್ತೆ ಜೋಕಾಲಿ ಏರಲಿಲ್ಲ. ಈಗ ಕಾಲೇಜಿಗೆ ಹೋಗುವ ಪಲ್ಲವಿ ಮನೆಗೆ ಬಂದವರಿಗೆಲ್ಲ ಹುಬ್ಬು ತೋರಿಸಿ, "ಇದು ನಮ್ಮವ್ವ ಮಾಡಿದ ಸಹೀ ರೀ," ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ವೈನಿಯೂ. ನಾನೂ ನಕ್ಕಿದ್ದೇನೆ — ಎಷ್ಟೋ ಪಂಚಮಿಗಳಲ್ಲಿ.

ಈ ಸಲ ನನ್ನ ಮಗನನ್ನು ಅದೇ ಗಾರ್ಡನ್ನಿಗೆ ಕರೆದುಕೊಂಡು ಹೋಗಿದ್ದೆ. ಜಾರುಬಂಡಿ ಈಗ ಪ್ಲಾಸ್ಟಿಕ್ಕಿನದು, ಜೋಕಾಲಿಯ ಕೆಳಗೆ ಮೆತ್ತನೆಯ ರಬ್ಬರಿನ ನೆಲ. ಹೆಂಗಸರು ಮಾತ್ರ ಮೊದಲಿನ ಹಾಗೇ ಜೀಕುತ್ತಿದ್ದರು. "ಬಿಡ ಮಮ್ಮಿ, ಕೈ ನೋಯಾಕತ್ತೈತಿ," ಎಂದು ಮಗ ಕೊಸರಾಡಿದಾಗ ನೋಡಿದೆ — ಅವನ ಮಣಿಕಟ್ಟಿನ ಮೇಲೆ ನನ್ನ ಬೆರಳುಗಳು ಕೆಂಪಗೆ ಮೂಡಿದ್ದವು.

ಮನೆಗೆ ಬಂದು, ಅವತ್ತು ಪಲ್ಲವಿಯ ಕೈ ಬಿಟ್ಟವಳು ನಾನು ಎಂದು ಎಲ್ಲರ ಮುಂದೆ ಹೇಳಿದೆ. ಅವ್ವ ಕೈಯಲ್ಲಿದ್ದ ಉಂಡಿಯನ್ನು ತಾಟಿಗೆ ಇಟ್ಟುಬಿಟ್ಟಳು. ಪಲ್ಲವಿಯ ಕೈ ತಾನಾಗಿ ಹುಬ್ಬಿಗೆ ಹೋಯಿತು. "ಅತ್ತಿ, ಮತ್ತ ನಾ ಇಷ್ಟ ದಿನಾ ಅವ್ವಗ..." ಎಂದವಳು ಎದ್ದು ಒಳಗೆ ಹೋದಳು.

ವೈನಿ ಉಂಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನಿನ್ನ ಕೈಯಾಗ ಕೊಟ್ಟಿದ್ನೇನ?" ಎಂದರು, ಮೆಲ್ಲಗೆ. "ಅಕಿನ್ನ ಬಿಟ್ಟ ಏರಿದ್ನಿ ಅಂತನ ನನಗ ನೆನಪೈತವಾ."

ಸಿಟ್ಟಿಗೆ ತಯಾರಾಗಿದ್ದೆ. ಅವರು ಕ್ಷಮಿಸಿಬಿಟ್ಟಾರು ಎಂಬ ನಾಚಿಕೆಗೂ ತಯಾರಾಗಿದ್ದೆ. ಇದಕ್ಕೆ ತಯಾರಿರಲಿಲ್ಲ. ಎಲ್ಲರೂ ವರ್ಷವರ್ಷ ಹೇಳುತ್ತ ಬಂದದ್ದೇ ಅವರ ನೆನಪಾಗಿಬಿಟ್ಟಿತೇ? "ಬಿಡಬ್ಯಾಡವಾ" ಎಂದ ತಮ್ಮ ಮಾತೇ ಅವರಿಗೆ ಇಲ್ಲದಂತೆ ನಾನು ಮಾಡಿದೆನೇ? ಹಾಗಾದರೆ ಆ ಸಂಜೆ ನಡೆದದ್ದನ್ನು ಬಲ್ಲವಳು ಈಗ ನಾನೊಬ್ಬಳೇ — ನೆನಪು ನಂಬಲಾಗದ ನಾನು. ಆದ್ದರಿಂದಲೇ ಬರೆದಿಡುತ್ತಿದ್ದೇನೆ.

ಮರುದಿನ ನಾನು ಹೊರಡುವಾಗ ವೈನಿ ಡಬ್ಬಿಗೆ ಉಂಡಿ ತುಂಬುತ್ತಿದ್ದರು. ಹತ್ತಿರ ಹೋಗಿ ಕೇಳಿದೆ. ಅವರು ಮುಚ್ಚಳ ಒತ್ತಿ, ಡಬ್ಬಿಯನ್ನು ನನ್ನ ಕೈಗಿಟ್ಟು, ಬಾಗಿಲವರೆಗೆ ಬಂದರು. ಊರಿಗೆ ಬಂದ ಮೇಲೂ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ. ಅದಕ್ಕೆ ಮಾತ್ರ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ವೈನಿ, ಖರೇನ ನೆನಪಿಲ್ಲೇನ್ರಿ? ಇಲ್ಲಾ, ನನಗ ಹಗುರ ಆಗಲಿ ಅಂತ ಹಂಗ ಅಂದ್ರೇನ್ರಿ?"