ಅಬ್ದುಲಸಮದನ ಬಲಗಣ್ಣು

ನಮ್ಮೂರಿನ ಗಾಂಧಿ ಚೌಕದಲ್ಲಿ ಗಡಿಯಾರ, ರೇಡಿಯೋ ಎರಡನ್ನೂ ರಿಪೇರಿ ಮಾಡುತ್ತಿದ್ದ ಅಬ್ದುಲಸಮದ ದಿನಾ ತಿಕೋಟಾದಿಂದ ಬಸ್ಸಿಗೆ ಬರುತ್ತಿದ್ದ. ಮಂದಿಗೆಲ್ಲ ಅವನು ಸಮದ. ಓದಿದ್ದು ನಾಲ್ಕನೆಯ ಇಯತ್ತೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಆದರೂ ಲ್ಯಾಬಿನ ಕೆಟ್ಟ ಮೀಟರು ಹಿಡಿದುಕೊಂಡು ಅವನ ಮುಂದೆ ನಿಲ್ಲುತ್ತಿದ್ದವನು ನಾನೇ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವನು ಕೂತರೆ, ಬಬಲೇಶ್ವರದ ಕಡೆಯವರು ಆಸೆ ಬಿಟ್ಟ ಗಡಿಯಾರವೂ ನಡೆಯುತ್ತಿತ್ತು. ಆ ಕಣ್ಣಿನ ಮೇಲೆಯೇ ಅವನ ಮನೆ ನಿಂತಿತ್ತು.

೧೯೭೭ರಲ್ಲಿ ಪುಣೆಯ ಗೆಳೆಯನೊಬ್ಬ ಗುಜರಿಯಲ್ಲಿ ಸಿಕ್ಕ ಎರಡು ಡಯೋಡು ನನಗೆ ಕಳಿಸಿದ. ಕಡಲೆಕಾಳಿನಷ್ಟು ಹಿತ್ತಾಳೆ, ತುದಿಗೆ ಗಾಜಿನ ಕಿಂಡಿ, ನಂಬರು ಅಳಿಸಿಹೋಗಿತ್ತು. ಕಣ್ಣಿಗೆ ಕಾಣದ ಬೆಳಕು ಬಿಡುವ ಲೇಸರ್ ಇರಬಹುದು, ನೋಡು ಎಂದು ಇಂಗ್ಲಿಷಿನಲ್ಲಿ ಎರಡು ಹಾಳೆ ಬರೆದಿದ್ದ. ಅವನ್ನು ಸಮದನಿಗೆ ಒಯ್ದು ಕೊಟ್ಟೆ. ಅವನು ಮೀಟರು ಹಚ್ಚಿ ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಗುರುತಿಸಿದ. ಆಮೇಲೆ ಬಲ್ಬು ಹಚ್ಚಿದ ಹಾಗೆ ಒಂದನ್ನು ನೇರ ಬ್ಯಾಟರಿಗೆ ಹಚ್ಚಿದ. ಅದು ಅಲ್ಲೇ ಸುಟ್ಟುಹೋಯಿತು.

ಆಗ ನಾನು ಕಾಗದ ಓದಿ ಹೇಳಿದೆ. ಇದಕ್ಕೆ ಒಂದೇ ಸಮ ಕರೆಂಟು ಕೊಡಬಾರದು. ಕರೆಂಟು ಕೂಡಿಡುವ ಕಂಡೆನ್ಸರಿನಲ್ಲಿ ತುಂಬಿಸಿ, ರೆಪ್ಪೆ ಬಡಿಯುವುದಕ್ಕಿಂತ ಬೇಗ ಸುರಿದು, ಬಿಟ್ಟು ಬಿಟ್ಟು ಕೊಡಬೇಕು.

“ಗುದ್ದೂದು, ಬಿಡೂದು. ಗೊತ್ತಾತ್ರಿ ಮಾಸ್ತರ,” ಎಂದ.

ಎರಡನೆಯ ಹಾಳೆಯ ಕೊನೆಗೆ ‘ಎದುರಿಗೆ ಕಣ್ಣಿಡಬೇಡ’ ಎಂದಿತ್ತು. ಕಾಣದ ಬೆಳಕಿಗೆ ಯಾರು ಕಣ್ಣಿಡುತ್ತಾರೆ ಎಂದುಕೊಂಡು, ಪರೀಕ್ಷೆಯ ಪೇಪರು ತಿದ್ದುವ ಅವಸರದಲ್ಲಿ, ಅದನ್ನು ಹೇಳದೆ ಎದ್ದುಬಂದೆ. ಕಲಿತವನ ಸೊಕ್ಕು ಅದು. ವಾಲ್ವಿನ ಒಳಗಿನ ಕೆಂಪು ನೋಡಿಯೇ ರೇಡಿಯೋಕ್ಕೆ ಜೀವ ಇದೆಯೋ ಇಲ್ಲವೋ ಹೇಳುವವನು ಅವನು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ವಾರ ಬಿಟ್ಟು ಹೋದೆ. ಮೇಲಿನ ಕಪ್ಪು ಬಣ್ಣ ಕೆರೆದ ಗಾಜಿನ ಟ್ರಾನ್ಸಿಸ್ಟರ್ ಬಿಡಿಭಾಗವೊಂದನ್ನು ಒಯ್ದಿದ್ದೆ. ಹಾಗೆ ಕೆರೆದರೆ ಅದು ಕಾಣದ ಬೆಳಕನ್ನೂ ಹಿಡಿಯುತ್ತದೆ. ಸಮದ ಸಪ್ಪಗೆ ಕೂತಿದ್ದ.

“ಇದೂ ಸತ್ತೈತ್ರಿ. ಮೂರು ದಿನ ಭೂತಗನ್ನಡಿ ಹಚ್ಚಿ ನೋಡೇನಿ, ಚೂರೂ ಕೆಂಪಾಗವಲ್ದು. ನನ್ನ ಕೈಯಾಗ ಎರಡೂ ಹಾಳಾದವು,” ಎಂದ. ಕಣ್ಣು ಉಜ್ಜಿಕೊಂಡ. “ಬಲಗಣ್ಣಿನ ನಡುವ ಕರಿ ಚುಕ್ಕಿ ಬಂದೈತ್ರಿ. ಗಡಿಯಾರದ ಮುಳ್ಳು ಕಾಣವಲ್ದು. ಉಷ್ಣ ಆಗಿರಬೇಕಂತ ನಮ್ಮಾಕಿ ಹರಳೆಣ್ಣಿ ಹಾಕ್ಯಾಳ.”

ಎರಡನೆಯ ಹಾಳೆಯ ಕೊನೆಯ ಸಾಲು ನನಗೆ ನೆನಪಾಯಿತು. ಟ್ರಾನ್ಸಿಸ್ಟರನ್ನು ರೇಡಿಯೋಕ್ಕೆ ಜೋಡಿಸಿ ಡಯೋಡಿನ ಎದುರು ಹಿಡಿದೆ. ಸ್ಪೀಕರು ಕಿರ್ರೆಂದು ಕೂಗಿತು; ಡಯೋಡು ಬೆಳಕು ಬಿಡುತ್ತಲೇ ಇತ್ತು.

ಸಮದನ ಮುಖ ಅರಳಿತು. “ಜೀವಂತ ಐತಲ್ರಿ. ನನ್ನ ಕೈ ತಪ್ಪಿಲ್ಲ ನೋಡ್ರಿ,” ಎಂದವನೇ ಭೂತಗನ್ನಡಿಯನ್ನು ಎಡಗಣ್ಣಿಗೆ ಸಿಕ್ಕಿಸಿಕೊಂಡು ಡಯೋಡಿನ ಮೇಲೆ ಬಗ್ಗಿದ.

ನಾನು ವಾಯರು ಕಿತ್ತುಹಾಕಿದೆ. ಆ ಕಾಣದ ಬೆಳಕೇ ಅವನ ಬಲಗಣ್ಣು ಸುಟ್ಟಿದೆ ಎಂದು ಹೇಳಲೇಬೇಕಾಯಿತು.

ಅವನು ಬಗ್ಗಿಸಿದ್ದ ತಲೆ ಎತ್ತಿದ. ಆಮೇಲೆ, “ಇದು ಅವತ್ತ ಕಾಗದದಾಗ ಇತ್ತೇನ್ರಿ?” ಎಂದು ಕೇಳಿದ.

“ಇತ್ತು,” ಎಂದೆ.

ಸಮದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. “ನೀವು ಹೋಗ್ರಿ ಮಾಸ್ತರ,” ಎಂದ.