ಮೊಳೆಯಿಲ್ಲದ ಚಪ್ಪಲಿ

ಶಮುವೇಲ್ ಘಾಳೆಪ್ಪ ಸೈಕಲ್ ಇಳಿದ ಕೂಡಲೇ ಮನುಷ್ಯರನ್ನು ನೋಡುವುದಿಲ್ಲ, ನೆಲ ನೋಡುತ್ತಾರೆ. ಬೆಳಗಿನ ಐದೂವರೆ, ೨೦೦೪ರ ಜನವರಿಯ ಚಳಿ, ಕೈಯಲ್ಲೊಂದು ಟಾರ್ಚು. ಉತ್ತರಾಯಣದ ಹಬ್ಬ ಮುಗಿದು ವಾರವಾಗಿದೆ. ವಡೋದರಾದ ಮಾಳಿಗೆಗಳಿಂದ ತಪ್ಪಿಸಿಕೊಂಡ ಗಾಳಿಪಟಗಳು ಈ ಕಾಲೊನಿಯ ಬೇವಿನ ಮರಗಳಲ್ಲಿ ಇನ್ನೂ ನೇತಾಡುತ್ತಿವೆ. ಅವುಗಳ ದಾರ ದಾರಿಯ ಮೇಲೆ ಬಿದ್ದಿದೆ. ಗಾಜಿನ ಪುಡಿ ಮೆತ್ತಿದ ಮಾಂಜಾ ದಾರ. ಶಮುವೇಲ್ ಬಗ್ಗಿ ಒಂದೊಂದೇ ಎಳೆ ಎತ್ತಿ ಉಂಡೆ ಮಾಡಿ ಜೇಬಿಗೆ ಹಾಕಿಕೊಳ್ಳುತ್ತಾರೆ.

"ಇದು ನಿನ್ನ ಕಾಲಿಗೆ ಕೊಯ್ದ್ರ ನೀ ಒದರ್ತಿ ತಮ್ಮಾ. ಇಲ್ಲಿ ಮಂದಿ ಒದರಂಗಿಲ್ಲ. ಅದೇ ಇವ್ರ ತ್ರಾಸು," ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನಗೆ.

ಮಕರಪುರಾ ಕಾರ್ಖಾನೆಗಳನ್ನು ದಾಟಿ ನಾಲ್ಕು ಕಿಲೋಮೀಟರ್ ಹೋದರೆ ಈ ಕಾಲೊನಿ. ಅರವತ್ತೊಂದು ಮನೆ. ಇಲ್ಲಿರುವ ಯಾರಿಗೂ ಈಗ ಕುಷ್ಠರೋಗವಿಲ್ಲ. ಎಲ್ಲರೂ ಮಾತ್ರೆ ತಿಂದು ವಾಸಿಯಾದವರು. ರೋಗ ಹೋಯಿತು, ಕಾಲಿನ ಅರಿವು ವಾಪಸು ಬರಲಿಲ್ಲ. ಮುಳ್ಳು ಚುಚ್ಚಿದರೂ ಕೆಂಡ ತುಳಿದರೂ ಗೊತ್ತಾಗುವುದಿಲ್ಲ. ಗಾಯ ಕೀವಾಗಿ ವಾಸನೆ ಬಂದ ಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ಮೂಳೆಗೆ ಇಳಿದಿರುತ್ತದೆ.

ಆರಕ್ಕೆ ಸಮುದಾಯ ಭವನದ ಜಗುಲಿಯ ಮೇಲೆ ಹದಿನಾಲ್ಕು ಪ್ಲಾಸ್ಟಿಕ್ ಟಬ್ಬುಗಳು ಸಾಲಾಗಿ ಕೂರುತ್ತವೆ. ಒಂದೊಂದರಲ್ಲೂ ಒಂದು ಜೊತೆ ಕಾಲು. ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ. ಬಿಸಿನೀರು ಕೂಡದು, ಸುಟ್ಟರೂ ಗೊತ್ತಾಗದ ಕಾಲು. ಆಮೇಲೆ ಒರಟು ಕಲ್ಲಿನಿಂದ ದಡ್ಡುಗಟ್ಟಿದ ಚರ್ಮ ಉಜ್ಜುವುದು, ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಹಚ್ಚುವುದು. ಕೊನೆಗೆ ಶಮುವೇಲ್ ತಮ್ಮ ಅಂಗೈಯ ಹಿಂಬದಿಯನ್ನು ಪಾದದ ಅಡಿಗೆ ಒತ್ತುತ್ತಾರೆ. ಎಲ್ಲಾದರೂ ಬಿಸಿ ತಾಕಿದರೆ ಅಲ್ಲಿ ಗಾಯ ಹುಟ್ಟುತ್ತಿದೆ ಎಂದರ್ಥ. ಆ ಮನುಷ್ಯನಿಗೆ ಅವತ್ತಿನಿಂದ ನಡೆಯುವುದು ಬಂದ್. ಎಂಟಕ್ಕೆ ಅವರ ಕಾರ್ಖಾನೆಯ ಪಾಳಿ ಶುರು. ಅಷ್ಟರೊಳಗೆ ಇಪ್ಪತ್ತೈದು ಮೂವತ್ತು ಜನರ ಕಾಲು ಮುಗಿಯಬೇಕು, ಕಿತ್ತುಹೋದ ಚಪ್ಪಲಿಗಳನ್ನು ಹೊಲಿಯಬೇಕು. ವಾರಕ್ಕೆ ಆರು ದಿನ, ಹನ್ನೊಂದು ವರ್ಷದಿಂದ.

"ಬಂದ ನೋಡ್ರಿ, ನನ್ನ ಬೆರಳು ತಿಂದ ಕಿರಸ್ತಾನ!" ಎಂದು ಮೊದಲ ಟಬ್ಬಿನ ಮುದುಕ ರಮತುಭಾಯಿ ಸ್ವಾಗತಿಸುತ್ತಾನೆ. ಕಾಲೊನಿಯ ಮಾತು ಗುಜರಾತಿ. ನನಗಾಗಿ ಶಮುವೇಲ್ ಅದನ್ನು ತಮ್ಮ ಬೀದರ್ ಕನ್ನಡಕ್ಕೆ ತಿರುಗಿಸುತ್ತಾರೆ, ಬೈಗುಳವನ್ನೂ ಬಿಡದೆ.

"ಇನ್ನಾ ಒಂಬತ್ತು ಅವಲ್ಲಾ, ಸುಮ್ಮ ಕೂಡು," ಎನ್ನುತ್ತಾರೆ ಶಮುವೇಲ್.

ಇದು ಬರೀ ತಮಾಷೆಯಲ್ಲ. ರಮತುಭಾಯಿಯ ಬಲಗಾಲಿನ ಕಿರುಬೆರಳು ಇಲ್ಲ. ಕಾರಣ ಶಮುವೇಲ್.

ಭಾಲ್ಕಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅವರ ಅಪ್ಪ ಘಾಳೆಪ್ಪ ಊರಿಗೆಲ್ಲ ಕೆರ ಹೊಲಿಯುತ್ತಿದ್ದರು. ಅಜ್ಜನ ಕಾಲಕ್ಕೇ ಮನೆತನ ಕ್ರೈಸ್ತವಾಗಿತ್ತು. ಭಾನುವಾರ ಪ್ರಾರ್ಥನೆ, ಸೋಮವಾರದಿಂದ ಅದೇ ಚರ್ಮ, ಅದೇ ಕೇರಿ. ಮಗನ ಕೈಗೆ ಚರ್ಮ ಕೊಯ್ಯುವ ರಂಪಿಗೆ ಕೊಡಬಾರದೆಂದು ಘಾಳೆಪ್ಪ ಹಟ ಹಿಡಿದು ಐಟಿಐ ಓದಿಸಿದರು. ತೊಂಬತ್ತೊಂದರಲ್ಲಿ ಶಮುವೇಲ್ ಫಿಟ್ಟರ್ ಆಗಿ ಮಕರಪುರಾಕ್ಕೆ ಬಂದರು. ಮಂಜಲ್‌ಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕಾರ್ಖಾನೆಯಲ್ಲಿ ಅಪ್ಪನ ಕಸುಬು ಯಾರಿಗೂ ಗೊತ್ತಿರಲಿಲ್ಲ. ಅವರು ಹೇಳಲೂ ಇಲ್ಲ.

ಮರುವರ್ಷದ ಕ್ರಿಸ್‌ಮಸ್‌ಗೆ ಚರ್ಚಿನವರು ಇಲ್ಲಿಗೆ ಹಣ್ಣು ಹಂಚಲು ಬಂದರು. "ಎಲ್ಲಾರೂ ಹಾಡು ಹಾಡಿದ್ರು, ಫೋಟೋ ತಗದ್ರು. ನಾ ಬರೀ ಕಾಲು ನೋಡ್ಲತ್ತಿದ್ದೆ. ಹವಾಯಿ ಚಪ್ಪಲಿಗಿ ತಂತಿ ಕಟ್ಗೊಂಡು ಅಡ್ಡಾಡ್ಲತ್ತಿದ್ರು. ತಂತಿ ಮಾಂಸದಾಗ ಇಳದಿತ್ತು, ಮುಖದಾಗ ನಗು ಇತ್ತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳದ ಅಂತ ಸಣ್ಣಾಂವ ಇದ್ದಾಗಿಂದ ಕೇಳೀನಿ. ಆವತ್ತು ಅನಿಸ್ತು, ತೊಳಿಲಾಕ ಯಾರ್ಗಾದ್ರೂ ಬರ್ತದ. ಕೆರ ಹೊಲಿಲಾಕ ಇಷ್ಟು ಮಂದ್ಯಾಗ ನನಗೊಬ್ಬನಿಗೇ ಬರ್ತದ."

ಮುಂದಿನ ವಾರ ಮೆತ್ತನೆಯ ರಬ್ಬರ್ ತಂದು ಆರು ಜೊತೆ ಹೊಲಿದರು. ಅಪ್ಪನನ್ನು ನೋಡಿ ಕಲಿತ ಕೈ. ಪಟ್ಟಿ ಗಟ್ಟಿಯಾಗಿ ಕೂರಲೆಂದು ರಮತುಭಾಯಿಯ ಚಪ್ಪಲಿಗೆ ಒಂದು ಸಣ್ಣ ಮೊಳೆ ಹೊಡೆದರು. ಊರಿನಲ್ಲಿ ಎಲ್ಲರೂ ಹೊಡೆಯುವುದೇ. ಮೊಳೆ ಎದ್ದರೆ ಹಾಕಿಕೊಂಡವನು ಅರ್ಧ ದಾರಿಯಿಂದ ವಾಪಸು ಬಂದು ಬೈಯುತ್ತಾನೆ. ರಮತುಭಾಯಿ ಬರಲಿಲ್ಲ. ಕಾಲಿಗೆ ಚುಚ್ಚಿಕೊಂಡ ಮೊಳೆಯ ಮೇಲೆಯೇ ಮೂರು ದಿನ ನಡೆದ, ಚಪ್ಪಲಿ ಬಹಳ ಚೆನ್ನಾಗಿದೆ ಎಂದು ನೆರೆಯವರಿಗೆ ಹೇಳಿಕೊಂಡು.

ಬೆರಳು ತೆಗೆದ ಮೇಲೆ ಶಮುವೇಲ್ ಹದಿನೈದು ದಿನ ರಜೆ ಹಾಕಿ ಕುಷ್ಠರೋಗದ ಆಸ್ಪತ್ರೆಯೊಂದರಲ್ಲಿ ಚಪ್ಪಲಿ ಮಾಡುವುದನ್ನು ಹೊಸದಾಗಿ ಕಲಿತರು. ಅವರ ಹತಾರಗಳ ಪೆಟ್ಟಿಗೆಯಲ್ಲಿ ಇವತ್ತು ರಂಪಿಗೆ ಇದೆ, ದಬ್ಬಳ ಇದೆ, ಅಂಟು ಇದೆ. ಸುತ್ತಿಗೆ ಇಲ್ಲ. ಮೊಳೆಯಂತೂ ಇಲ್ಲವೇ ಇಲ್ಲ.

ಈ ವಾರ ಜಗುಲಿಯ ಗಮನವೆಲ್ಲ ಆರನೇ ಟಬ್ಬಿನ ಮೇಲೆ. ಅದು ಕಂಕುಬೆನ್ ಎಂಬ ಐವತ್ತರ ಹೆಂಗಸಿನದು. ಎಡ ಪಾದದ ಗಾಯ ಒಂದೂವರೆ ವರ್ಷ ಕಾಡಿ ಮೂರು ತಿಂಗಳ ಹಿಂದಷ್ಟೇ ಮುಚ್ಚಿದೆ. ಇನ್ನೊಮ್ಮೆ ಒಡೆದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಭಾನುವಾರ ಪಾದ್ರಾದ ಹತ್ತಿರ ಅವಳ ಮಗಳು ವರ್ಷಾಳ ಮದುವೆ. ವರನ ಮನೆಯವರಿಗೆ ಎಲ್ಲ ಗೊತ್ತು. ನೆಂಟರಿಗೆ ಗೊತ್ತಾಗುವುದು ಬೇಡ ಎಂದಿದ್ದಾರೆ. ಕಾಲೊನಿಯ ಚಪ್ಪಲಿಯ ದಪ್ಪ ಅಟ್ಟೆ, ಹಿಮ್ಮಡಿಯ ಪಟ್ಟಿ ಕಂಡರೆ ಸಾಕು, ಇದು ಯಾರ ಕಾಲು ಎಂದು ಬಸ್ ಕಂಡಕ್ಟರ್ ಕೂಡ ಹೇಳುತ್ತಾನೆ.

ಹಾಗಾಗಿ ಶಮುವೇಲ್ ಎರಡು ವಾರ ಕೂತು ಒಂದು ಜೊತೆ ಮೋಜಡಿ, ಅಂದರೆ ಮದುವೆಗೆ ಹಾಕುವ ಅಲಂಕಾರದ ಜೋಡು ಹೊಲಿದಿದ್ದಾರೆ. ಒಳಗೆ ಮೆತ್ತನೆಯ ರಬ್ಬರ್, ಹೊರಗೆ ಜರಿ. ಅಂಗಡಿಯದಲ್ಲ ಎಂದು ಯಾರೂ ಹೇಳಲಾರರು. ಗುರುವಾರ ಬೆಳಿಗ್ಗೆ ಅದನ್ನು ಕಾಗದದಿಂದ ಬಿಚ್ಚಿ ತೋರಿಸಿದಾಗ ಜಗುಲಿಗೆ ಜಗುಲಿಯೇ ವಾಹ್ ಎಂದಿತು. ಕಂಕುಬೆನ್ ಅದನ್ನು ತಿರುಗಿಸಿ ನೋಡಿ ಮತ್ತೆ ಕಾಗದದ ಮೇಲಿಟ್ಟಳು.

"ಸಾಮುಭಾಯಿ, ಭಾಳ ಚಂದ ಅದ. ಆದ್ರ ಮಂಟಪದಾಗ ಹ್ಯಾಂಗ ಹಾಕ್ಕೊಳ್ಳಲಿ?"

ಮಂಟಪದ ಹೊರಗೆ ಎಲ್ಲರೂ ಚಪ್ಪಲಿ ಬಿಡಬೇಕು. ಕನ್ಯಾದಾನ ಮಾಡುವ ತಾಯಿ ಬರಿಗಾಲಲ್ಲಿ ಇರಬೇಕು. ನಾಲ್ಕು ಗಂಟೆಯ ಓಡಾಟ, ನೆಲದ ಮೇಲೆ ಹೂವಿನ ತಂತಿ, ಗುಂಡುಪಿನ್ನು, ಹೋಮದ ಕಿಡಿ. ಶಮುವೇಲ್ ಹಣೆ ಚಚ್ಚಿಕೊಂಡರು.

"ನಮ್ಮ ಚರ್ಚಿನ್ಯಾಗ ಬೂಟು ಹಾಕ್ಕೊಂಡೇ ಮದಿವಿ ಆಗ್ತೀವಿ ತಮ್ಮಾ. ತಲಿಗೇ ಬರ್ಲಿಲ್ಲ. ಹದಿನೈದು ದಿನ ಹೊಲದೀನಿ, ಒಮ್ಮೆರೆ ಕೇಳಬೇಕಿತ್ತಲ್ಲ!"

"ನಿಮ್ಮ ದೇವ್ರಿಗಿ ಬೂಟು ನಡೀತದ, ನಮ್ಮ ಪುರೋಹಿತ ಮಹಾರಾಜಗ ನಡಿಯಂಗಿಲ್ಲ," ಎಂದು ರಮತುಭಾಯಿ ನಕ್ಕ. "ಅದನ್ನ ವರಗೇ ಕೊಟ್ಟುಬಿಡು."

ಮಂಜಲ್‌ಪುರದ ಮನೆಯಲ್ಲಿ ಹೆಂಡತಿ ಪ್ರೇಮಾ ಈ ಸುದ್ದಿ ಕೇಳಿ ನಗಲಿಲ್ಲ. ಅವರು ಖಾಸಗಿ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಾರೆ. "ಮಾವ ಸಾಯೋವಾಗ ಏನಂದ್ರು ಕೇಳ್ರಿ ಇವ್ರಿಗಿ. ಚರ್ಮ ಬಿಡು, ಚರ್ಮ ಬಿಡು ಅಂದ್ರು. ಇವ್ರು ಓದಿ, ಇಷ್ಟು ದೂರ ಬಂದು, ಮತ್ತ ಅದೇ ಹಿಡದು ಕೂತಾರ. ಹೋದ ಸಾಲ ಚರ್ಚಿನ್ಯಾಗ ಶಾಲು ಹೊಚ್ಚಿದ್ರು. ಹೊಚ್ಚಿದವರೊಳಗ ಒಬ್ಬರರೆ ಒಂದು ಟಬ್ಬು ತೊಳಿಲಾಕ ಬಂದಾರೇನು?"

ಪ್ರೇಮಾ ಹೇಳುವುದು ನಿಜ. ಹನ್ನೊಂದು ವರ್ಷದಲ್ಲಿ ಯಾರೂ ಬಂದಿಲ್ಲ. ಶಮುವೇಲ್ ವಾರಕ್ಕೊಮ್ಮೆ ಸೈಕಲ್ಲಿಗೆ ಕಟ್ಟಿ ಮನೆಗೆ ತರುವ ಟಬ್ಬುಗಳನ್ನು ತೊಳೆಯುವ ಒಬ್ಬರೇ ಒಬ್ಬರೆಂದರೆ ಪ್ರೇಮಾ. ಅದನ್ನು ಅವರು ಹೇಳಿಕೊಳ್ಳುವುದಿಲ್ಲ. ಶಮುವೇಲ್ ಸಂತರೂ ಅಲ್ಲ. ಹೇಳಿದ ಮಾತು ಕೇಳದೆ ನಡೆದಾಡಿದವರ ಮೇಲೆ ಕೂಗಾಡುತ್ತಾರೆ. ಒಮ್ಮೆ ಸಿಟ್ಟಿನಲ್ಲಿ ಒಬ್ಬನ ಊರುಗೋಲನ್ನು ಮನೆಯ ಮೇಲೆ ಎಸೆದು, ಅದನ್ನು ಇಳಿಸಲು ತಾವೇ ಏಣಿ ಹತ್ತಿದ್ದರು.

ಮತಾಂತರ ಮಾಡುತ್ತೀರಾ ಎಂಬ ಪ್ರಶ್ನೆ ಈಗ ಇಲ್ಲಿ ಯಾವ ಕ್ರೈಸ್ತನಿಗೂ ತಪ್ಪಿದ್ದಲ್ಲ. ನಾನೂ ಕೇಳಿದೆ. ಕಲ್ಲಿನಿಂದ ಕಾಲುಜ್ಜುವುದನ್ನು ನಿಲ್ಲಿಸದೆಯೇ ಹೇಳಿದರು:

"ಹೋದ ಸಾಲ ಇಬ್ಬರು ಹುಡುಗ್ರು ಮೋಟರ್ ಸೈಕಲ್ ಮ್ಯಾಲ ಬಂದು ಇದನ್ನೇ ಕೇಳಿದ್ರು. ಕೂಡ್ರಿ, ನೋಡ್ರಿ, ಎರಡು ಟಬ್ಬು ನೀರು ತುಂಬಿ ಕೊಡ್ರಿ ಅಂದೆ. ಒಬ್ಬಾಂವ ತುಂಬಿ ಕೊಟ್ಟ. ಆಮ್ಯಾಲ ಹೋದ್ರು. ನಾ ಇಲ್ಲಿ ಪ್ರಾರ್ಥನಾ ಮಾಡ್ತೀನಿ, ಖರೇ. ಬಾಯಿಲಿಂದ ಅಲ್ಲ. ಟೈಮ್ ಎಲ್ಲದ? ಎಂಟಕ್ಕ ಗೇಟು ಮುಚ್ತಾರ."

ಗುರುವಾರ ಸಂಜೆ ಶಮುವೇಲ್ ಮೋಜಡಿಯ ಹೊಲಿಗೆ ಬಿಚ್ಚಿ ರಬ್ಬರ್ ಹೊರತೆಗೆದರು. ಚರ್ಮವಿಲ್ಲದೆ, ಬರೀ ಬಟ್ಟೆಯಲ್ಲಿ, ಕಾಲುಚೀಲದಂತೆ ಹೊಲಿದರೆ? ಕಂಕುಬೆನ್ ಗಂಡನನ್ನು ಪುರೋಹಿತರ ಬಳಿಗೆ ಅಟ್ಟಿದಳು. ಚರ್ಮ ಇದೆಯಾ ಎಂದು ಅವರು ಕೇಳಿದರಂತೆ. ಇಲ್ಲ. ಹಾಗಾದರೆ ನಾನು ಕಾಲುಚೀಲ ಅಂದುಕೊಳ್ಳುತ್ತೇನೆ, ಚಳಿಗಾಲ ಅಲ್ಲವೇ ಎಂದರಂತೆ.

ಬಟ್ಟೆಗಾಗಿ ಕಂಕುಬೆನ್ ಟ್ರಂಕಿನಿಂದ ತನ್ನ ಮದುವೆಯ ಸೀರೆಯನ್ನೇ ತೆಗೆದಳು. ಬಿಳಿ ರೇಷ್ಮೆ, ಕೆಂಪು ಅಂಚು. ಗುಜರಾತಿನ ಮದುವಣಗಿತ್ತಿಯರು ಉಡುವ ಪಾನೇತರ್. ಕತ್ತರಿ ಹಿಡಿದ ಶಮುವೇಲ್ ಕೈ ತಡೆಯಿತು. "ಕತ್ತರಿಸು, ಡಾಕ್ಟರು ನನ್ನ ಕಾಲು ಕತ್ತರಿಸೋ ಮೊದ್ಲು ನೀ ಸೀರಿ ಕತ್ತರಿಸು," ಎಂದು ಅವಳು ಗದರಿದಳು. ಅವರು ಕೆಂಪು ಅಂಚು ಕತ್ತರಿಸಿದರು.

ಶನಿವಾರ ಬೆಳಿಗ್ಗೆ ಅಳತೆ. ಗಾಯ ಮುಚ್ಚಿದ ಜಾಗಕ್ಕೆ ಭಾರ ಬೀಳದಂತೆ ರಬ್ಬರಿನಲ್ಲಿ ಅಲ್ಲಿಗೆ ಸರಿಯಾಗಿ ಸಣ್ಣ ಗುಳಿ ಕೆತ್ತಿದ್ದಾರೆ. ಕಂಕುಬೆನ್ ಹತ್ತು ಹೆಜ್ಜೆ ನಡೆದಳು. ಶಮುವೇಲ್ ಬಿಚ್ಚಿ ನೋಡಿದರು. ಮತ್ತೆ ಹತ್ತು ಹೆಜ್ಜೆ, ಮತ್ತೆ ಬಿಚ್ಚಿ ನೋಡಿದರು. ಚುಚ್ಚುತ್ತದೆಯೇ ಎಂದು ಅವಳನ್ನು ಕೇಳಿ ಪ್ರಯೋಜನವಿಲ್ಲ. ಅವಳ ಕಾಲಿನ ಪರವಾಗಿ ಉತ್ತರ ಕೊಡಬೇಕಾದದ್ದು ಶಮುವೇಲ್ ಕೈ. ಏಳು ಸಲ ಹೀಗಾಯಿತು. ಅವತ್ತು ಕಾರ್ಖಾನೆಯ ಗೇಟು ಮುಚ್ಚಿತು, ಅರ್ಧ ದಿನದ ಹಾಜರಿ ಹೋಯಿತು.

ಸೋಮವಾರ ಗಣರಾಜ್ಯೋತ್ಸವ, ಕಾರ್ಖಾನೆಗೆ ರಜೆ. ಆದರೂ ಐದೂವರೆಗೇ ಸೈಕಲ್ ಬಂದಿದೆ. ಆರನೇ ಟಬ್ಬಿನಲ್ಲಿ ಕಂಕುಬೆನ್ ಕಾಲು ಇಳಿಬಿಟ್ಟು ಕೂತಿದ್ದಾಳೆ. ಮಾತು ನಿಂತಿಲ್ಲ. ವರನನ್ನು ಬಾಗಿಲಲ್ಲಿ ಎದುರುಗೊಳ್ಳುವಾಗ ಅತ್ತೆ ಅವನ ಮೂಗು ಹಿಡಿಯಬೇಕೆಂಬುದು ಇಲ್ಲಿನ ಶಾಸ್ತ್ರ. ಹಳೆಯ ರೋಗದಿಂದ ಮಡಚಿಹೋದ ಕೈಬೆರಳುಗಳಿಂದ ಹೇಗೆ ಹಿಡಿಯುತ್ತಾಳೋ ಎಂದು ಎಲ್ಲರಿಗೂ ಅಳುಕಿತ್ತು. "ಸೆರಗಿನ್ಯಾಗ ಮುಚ್ಚಿ ಎರಡು ಕೈಲಿಂದ ಹಿಡದೆ! ಕಣ್ಣಾಗ ನೀರು ಬಂತು ಅವಂಗ!" ನಾಲ್ಕು ಗಂಟೆ ಮಂಟಪದಲ್ಲಿ ನಿಂತಳು, ಕೂತಳು, ನಡೆದಳು. ಬೀಗಿತ್ತಿಯ ಕಡೆಯ ಹೆಂಗಸೊಬ್ಬಳು ಇಂಥ ಕಾಲುಚೀಲ ಎಲ್ಲಿ ಸಿಗುತ್ತದೆ ಎಂದು ಕೇಳಿದಳಂತೆ. "ಮುಂಬೈದಾಗ ಅಂದೆ," ಎನ್ನುತ್ತಾಳೆ.

ಶಮುವೇಲ್ ನಗುವುದಿಲ್ಲ. ಇಪ್ಪತ್ತು ನಿಮಿಷ ಮುಗಿದಿದೆ. ಎಡಗಾಲನ್ನು ತೊಡೆಯ ಮೇಲಿಟ್ಟು ಒರೆಸಿ, ಬೆಳಕಿಗೆ ತಿರುಗಿಸಿ, ಅಂಗೈಯ ಹಿಂಬದಿ ಒತ್ತುತ್ತಾರೆ. ಹಿಮ್ಮಡಿಯ ಬಳಿ ಕೈ ನಿಲ್ಲುತ್ತದೆ. ಮತ್ತೆ ಒತ್ತುತ್ತಾರೆ. ಅಲ್ಲಿ ಬಿಸಿಯಿದೆ. ಕೈ ಪಾದದ ಮುಂದಕ್ಕೆ, ಹಳೆಯ ಗಾಯದ ಜಾಗಕ್ಕೆ ಸರಿಯುತ್ತದೆ.

"ಇಲ್ಲಿ ಒಡದಿಲ್ಲ," ಎನ್ನುತ್ತಾರೆ ಕೊನೆಗೆ. "ಹಿಮ್ಮಡ ಕಾದದ. ಎರಡು ವಾರ ಹಾಸಿಗಿ ಬಿಟ್ಟು ಎದ್ದಿ ಅಂದ್ರ ನಿನ್ನೂ ಮಾಳಿಗಿ ಮ್ಯಾಲ ಒಗಿತೀನಿ."

"ಎರಡು ತಿಂಗಳು ಮಲಗ್ತೀನಿ," ಎನ್ನುತ್ತಾಳೆ ಕಂಕುಬೆನ್. "ಇನ್ನಾ ನಾ ಎಲ್ಲಿ ಹೋಗಬೇಕಾಗ್ಯದ?"

ಮದುವೆಗೆ ನೀವು ಯಾಕೆ ಹೋಗಲಿಲ್ಲ ಎಂದು ಕೇಳುತ್ತೇನೆ. ಕಾರ್ಡು ಕೊಟ್ಟು ಕರೆದಿದ್ದರು. "ನಾ ಹೋದ್ರ ಆಕಿ ಕಾಲೇ ನೋಡ್ಕೋತ ಕೂಡ್ತಿದ್ದೆ. ನನ್ನ ನೋಡಿ ಎಲ್ಲಾರೂ ನೋಡ್ತಿದ್ರು," ಎನ್ನುತ್ತಾರೆ. ಮಣ್ಣಾದ ಆ ರೇಷ್ಮೆಯ ಕಾಲುಚೀಲಗಳನ್ನು ಎತ್ತಿ, ಅಟ್ಟೆಯ ಮೇಲೆ ಬೆರಳಾಡಿಸಿ, ಯಾವ ಕಡೆ ಎಷ್ಟು ಸವೆದಿದೆ ನೋಡುತ್ತಾರೆ. ಅರಿಶಿನದ ಕಲೆ, ಒಂದು ಅಕ್ಕಿ ಕಾಳು ಹೊಲಿಗೆಯಲ್ಲಿ ಸಿಕ್ಕಿಕೊಂಡಿದೆ. ಅದನ್ನು ಅವರು ತೆಗೆಯುವುದಿಲ್ಲ.

"ನಮ್ಮೂರಾಗ ಮದಿಮಗನ ಕೆರ ಅಪ್ಪನೇ ಹೊಲಿತಿದ್ದ ತಮ್ಮಾ. ಕೆರ ಹಂದರದ ಹೊರಗ ಇರ್ತಿದ್ವು. ಅಪ್ಪನೂ ಹೊರಗೇ ನಿಲ್ತಿದ್ದ, ಊಟ ತಂದು ಹಾಕೋ ತನಕ. ಇವು ಒಳಗ ಹೋಗಿ ಬಂದಾವ."

ಏಳನೇ ಟಬ್ಬಿನವನು ಕಾಲು ಎತ್ತಿ ಕಾಯುತ್ತಿದ್ದಾನೆ. ಶಮುವೇಲ್ ಕಲ್ಲು ಹುಡುಕುತ್ತಾರೆ.