ಮಜೀದಾಳ ಅಂಗಡಿಯ ಆಟದ ಪೆಟ್ಟಿಗೆ

ಮಜೀದಾಳ ಮನೆಮಾತು ಉರ್ದು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವಳು, ಗಂಡ ಸಮದ್ ಜೊತೆಗೂ ಮಗಳು ಲೈಬಾ ಜೊತೆಗೂ ಅದೇ ಭಾಷೆ. ಆದರೆ ಸಿಟ್ಟು ನೆತ್ತಿಗೇರಿದಾಗ ಮಾತ್ರ ಅವಳ ಬಾಯಲ್ಲಿ ಕನ್ನಡವೇ ಬರುತ್ತಿತ್ತು. ಬೈಯುವುದಕ್ಕೆ ಅದರಷ್ಟು ಕೈಗೆ ಸಿಗುವ ಭಾಷೆ ಇನ್ನೊಂದಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಅಮೆರಿಕದ ಸನಿವೇಲ್‌ನಲ್ಲಿದ್ದ ಅವರ ದಿನಸಿ ಅಂಗಡಿಯಲ್ಲಿ ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯುದ್ದಕ್ಕೂ ಆ ಕನ್ನಡ ಧಾರಾಳವಾಗಿ ಕೇಳಿಬಂತು. ಕಾರಣ, ಮೂಲೆಯಲ್ಲಿ ನಿಂತಿದ್ದ ಒಂದು ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆ.

ಆಳೆತ್ತರದ ಮರದ ಪೆಟ್ಟಿಗೆ, ಎದೆಯ ಮಟ್ಟಕ್ಕೆ ಟೀವಿಯಂಥ ಪರದೆ, ಕೆಳಗೆ ಒಂದು ಹಿಡಿ, ಎರಡು ಗುಂಡಿ. ಪಕ್ಕದ ಪಿಜ್ಜಾ ಅಂಗಡಿಯವನು ಜಾಗ ಖಾಲಿ ಮಾಡುವಾಗ ಅದನ್ನು ಸಮದ್‌ಗೆ ಬಿಟ್ಟುಹೋಗಿದ್ದ. ಅವನ ಜಾಗಕ್ಕೆ ಇಂಟರ್ನೆಟ್ಟಿನಲ್ಲಿ ಛತ್ರಿ ಮಾರುವ ಕಂಪನಿಯೊಂದು ಬಂತು. ಆರು ತಿಂಗಳು ಮಳೆಯೇ ಬಾರದ ಊರಿನಲ್ಲಿ ಛತ್ರಿ! ಮಜೀದಾ ಅದಕ್ಕೂ ತಲೆ ಚಚ್ಚಿಕೊಂಡಿದ್ದಳು, ಅಕ್ಕಿ ಮೂಟೆ ಇಡುವ ಜಾಗದಲ್ಲಿ ಗಂಡ ತಂದು ನಿಲ್ಲಿಸಿದ ಈ ಪೆಟ್ಟಿಗೆಗೂ ಚಚ್ಚಿಕೊಂಡಳು. ಆದರೆ ವಾರದೊಳಗೆ ಅವಳ ಬಾಯಿ ಕಟ್ಟಿತು. ಮೊದಲು ಸಾಲುಗಳ ನಡುವೆ ಓಡಾಡಿ ಬಾಟಲಿ ಉರುಳಿಸುತ್ತಿದ್ದ ಮಕ್ಕಳೆಲ್ಲ ಈಗ ತಾಯಂದಿರು ಬೇಳೆ ಆರಿಸುವಷ್ಟು ಹೊತ್ತೂ ಪೆಟ್ಟಿಗೆಯ ಮುಂದೆ ಗುಂಪುಗೂಡಿ ನಿಲ್ಲುತ್ತಿದ್ದರು. ಮೇಲಿಂದ ಬೀಳುವ ಬಂಡೆಗಳಿಂದ ಒಂದು ಪುಟ್ಟ ವಿಮಾನವನ್ನು ತಪ್ಪಿಸುವ ಆಟ. ಉಪ್ಪಿನಕಾಯಿ ಬಾಟಲಿಗಳಿಗೆ ಜೀವದಾನ ಸಿಕ್ಕಂತಾಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಪರದೆಯ ಚಿತ್ರ ಸೊಟ್ಟಗಾಯಿತು. ಎರಡೂ ಬದಿಯ ಅಂಚುಗಳು ಸೊಂಟದ ಹಾಗೆ ಒಳಕ್ಕೆ ಬಾಗಿದವು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಇಡೀ ಚಿತ್ರ ಗಾಳಿಗೆ ಒಣಹಾಕಿದ ಸೀರೆಯಂತೆ ಬಳುಕುತ್ತಿತ್ತು. ವಿಮಾನ ಎಲ್ಲಿದೆ, ಬಂಡೆ ಎಲ್ಲಿದೆ ಒಂದೂ ತಿಳಿಯದು. ಮಕ್ಕಳು ಕಣ್ಣುಜ್ಜಿಕೊಂಡು, "ಆಂಟೀ, ಇಟ್ಸ್ ಬ್ರೋಕನ್" ಎಂದು ಬೆಲ್ಲದ ಡಬ್ಬಿಗಳ ಕಡೆ ಓಡಿದರು.

ಕೆಟ್ಟದ್ದು ಆ ಊರಿನಲ್ಲಿ, ಆ ಕಾಲದಲ್ಲಿ. ಅದೇ ಅವಳ ದುರದೃಷ್ಟ. ಅಂಗಡಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಎಂಜಿನಿಯರುಗಳು.

ಮೊದಲು ಕೈ ಹಾಕಿದವನು ರಘು. ಮೆನ್ಲೋ ಪಾರ್ಕಿನ ಹೊಸ ಕಂಪನಿಯೊಂದರಲ್ಲಿ ವೆಬ್‌ಸೈಟು ಬರೆಯುವ ಬೆಂಗಳೂರಿನ ಹುಡುಗ. ಸಂಜೆ ಮೊಸರಿಗೆಂದು ಬಂದವನು ಪೆಟ್ಟಿಗೆಯ ಹಿಂದಕ್ಕೆ ಹೋಗಿ ಕೂತೇಬಿಟ್ಟ.

"ಮುಟ್ಟಬೇಡಪ್ಪ, ನಮ್ಮೆಜಮಾನ್ರು ಬರ್ಲಿ" ಎಂದಳು ಮಜೀದಾ.

"ಆಂಟಿ, ಸಿಂಪಲ್ ಅಡ್ಜಸ್ಟ್‌ಮೆಂಟು. ಹಿಂದುಗಡೆ ತಿರುಪುಗಳಿರ್ತವೆ. ಐದೇ ನಿಮಿಷ!"

ತಿರುಪುಗಳು ಇದ್ದದ್ದು ನಿಜ. ರಘು ಎಲ್ಲವನ್ನೂ ತಿರುವಿದ. ಚಿತ್ರ ಕುಗ್ಗಿತು, ಹಿಗ್ಗಿತು, ಒಮ್ಮೆ ಉರುಳಿಯೂ ಉರುಳಿತು. ಕೊನೆಗೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿತು. ಅವನು ಮೊಸರು ಮರೆತು, ಬೀಗುತ್ತಾ ಹೋದ. ಮರುದಿನ ಬೆಳಿಗ್ಗೆ ಸ್ವಿಚ್ಚು ಹಾಕಿದ ಮಜೀದಾ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಏನ್ರೀ ಇದು! ನಿನ್ನೆ ಸೊಂಟ ಮಾತ್ರ ಬಾಗಿತ್ತು, ಇವತ್ತು ಕುತ್ತಿಗೇನೂ ಹೋಗಿದೆ!"

ಫೋನು ಮಾಡಿದರೆ ರಘುವಿಗೆ ನಂಬಿಕೆಯೇ ಬರಲಿಲ್ಲ. "ನಾನು ನೋಡಿದಾಗ ಸರಿ ಇತ್ತಲ್ಲ ಆಂಟಿ" ಎಂದ. ಅವನ ಕಂಪನಿಯಲ್ಲೂ ಗಿರಾಕಿಗಳಿಗೆ ಇದೇ ಉತ್ತರ ಕೊಡುತ್ತಾರೋ ಏನೋ ಎಂದುಕೊಂಡಳು. ಆದರೂ ಶನಿವಾರ ಮತ್ತೆ ಬಂದ. ಈ ಸಲ ಅವನ ಕೈಯಲ್ಲಿ ತಟ್ಟೆಯಗಲದ ಒಂದು ಬಳೆಯಿತ್ತು, ಅದರೊಳಗೆ ತಂತಿ ಸುತ್ತಿತ್ತು. ಪರದೆಗೆ ಅಯಸ್ಕಾಂತ ಹಿಡಿದಿದೆ, ಅದನ್ನು ಬಿಡಿಸಬೇಕು ಎಂದ. ಬಳೆಯನ್ನು ಪ್ಲಗ್ಗಿಗೆ ಹಾಕಿದ ಕೂಡಲೇ ಅದು ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಪರದೆಯ ಮುಂದೆ ಅದನ್ನು ಆರತಿಯಂತೆ ಸುತ್ತಿಸುತ್ತಾ, ನಿಧಾನವಾಗಿ ಹಿಂದೆ ಹಿಂದೆ ನಡೆದ. ಹಾಗೆಯೇ ದೂರ ಸರಿಯಬೇಕಂತೆ. ಸರಿದು ಸರಿದು ಬೆನ್ನಿಗೆ ಕೌಂಟರು ತಾಗಿದಾಗ, ಗುಂಯ್‌ಗುಟ್ಟುತ್ತಿದ್ದ ಬಳೆಯನ್ನು ಹಾಗೇ ಅದರ ಮೇಲಿಟ್ಟ.

ಕೌಂಟರಿನ ಮೇಲೆ ಬಾಡಿಗೆಗೆ ಹೋಗಿ ವಾಪಸು ಬಂದ ಸಿನಿಮಾ ಕ್ಯಾಸೆಟ್ಟುಗಳ ರಾಶಿಯಿತ್ತು.

ಪರದೆಯ ಸೊಟ್ಟ ಹೋಗಲಿಲ್ಲ. ಎರಡು ದಿನ ಬಿಟ್ಟು ಗಿರಾಕಿಗಳು ಒಬ್ಬೊಬ್ಬರಾಗಿ ಕ್ಯಾಸೆಟ್ಟು ಹಿಡಿದುಕೊಂಡು ಬಂದರು. "ಮಜೀದಕ್ಕ, ನಾಯಕಿ ಮದುವೆ ಮನೆಗೆ ಬರೋ ಹೊತ್ತಿಗೆ ಬರೀ ಇರುವೆ ಓಡಾಡ್ತಿದೆ." "ನಮ್ಮದರಲ್ಲಿ ನಾಯಕೀನೇ ಬರ್ಲಿಲ್ಲ." ಮಜೀದಾ ಎಲ್ಲರ ಮುಂದೆಯೂ ನಗುಮುಖ ಮಾಡಿ ಬೇರೆ ಕ್ಯಾಸೆಟ್ಟು ಕೊಟ್ಟಳು. ಅವರು ಹೋದಮೇಲೆ, ಕ್ಯಾಸೆಟ್ಟುಗಳನ್ನು ಅಳಿಸಿಹಾಕಿದ ಆ ಬಳೆಯನ್ನೂ ರಘುವಿನ ವಂಶವನ್ನೂ ಕನ್ನಡದಲ್ಲಿ ನೆನೆದಳು.

ಮುಂದಿನ ಭಾನುವಾರ ಸರಟೋಗಾದ ಆನಂದತೀರ್ಥರು ಬಂದರು. ಕಂಪ್ಯೂಟರ್ ಚಿಪ್ಪು ಮಾಡುವ ಕಂಪನಿಯಲ್ಲಿ ದೊಡ್ಡ ಹುದ್ದೆಯವರು, ಗುಡ್ಡದ ಮೇಲೆ ಮನೆ, ಮಾತು ನಿಧಾನ. ಕೈಕಟ್ಟಿ ನಿಂತು ಪರದೆಯನ್ನು ಬಹಳ ಹೊತ್ತು ನೋಡಿದರು.

"ಭೂಮಿಯ ಮ್ಯಾಗ್ನೆಟಿಕ್ ಫೀಲ್ಡು, ಮಜೀದಮ್ಮ. ಪಿಕ್ಚರ್ ಟ್ಯೂಬಿಗೆ ದಿಕ್ಕು ಬಹಳ ಮುಖ್ಯ. ಇದನ್ನ ಪೂರ್ವಕ್ಕೆ ತಿರುಗಿಸಿ ನೋಡಿ."

"ಸಾರ್, ನಮಾಜಿಗೆ ದಿಕ್ಕು ನೋಡೋದು ಗೊತ್ತು. ಆಟದ ಪೆಟ್ಟಿಗೆಗೂ ಬೇಕಾ?"

ಆದರೂ ದೊಡ್ಡವರ ಮಾತೆಂದು ಸಮದ್ ಪೆಟ್ಟಿಗೆಯನ್ನು ಪೂರ್ವಕ್ಕೆ ತಿರುಗಿಸಿದ. ಈಗ ಆಡುವವರು ಎಣ್ಣೆ ಡಬ್ಬಿಗಳ ನಡುವೆ ನಿಲ್ಲಬೇಕಾಯಿತು. ಚಿತ್ರ ಪೂರ್ವಾಭಿಮುಖವಾಗಿ ಬಳುಕಿತು.

ಇಷ್ಟೆಲ್ಲ ಆಗುವಾಗ ಮಜೀದಾಳ ತಲೆಯಲ್ಲೂ ಒಂದು ಅನುಮಾನ ಬೇರೂರಿತ್ತು. ಪೆಟ್ಟಿಗೆಯ ಪಕ್ಕಕ್ಕೆ ಹೊಸ ಫ್ರೀಜರು ಬಂದಮೇಲೇ ತೊಂದರೆ ಶುರುವಾದದ್ದು. ಎಲ್ಲ ಅದರದ್ದೇ ಕಿತಾಪತಿ! ಪರೋಟ, ಮೀನು ತುಂಬಿದ ಆ ಆನೆಯಂಥ ಫ್ರೀಜರನ್ನು ಇನ್ನೊಂದು ಗೋಡೆಗೆ ಸಾಗಿಸುವಂತೆ ಗಂಡನ ಬೆನ್ನು ಬಿದ್ದಳು. ಸಮದ್ ನೂಕಿದ, ಎಳೆದ. ಫ್ರೀಜರು ಗೋಡೆ ಸೇರಿತು, ಅವನ ಸೊಂಟ ಹಿಡಿದುಕೊಂಡಿತು. ಸ್ವಿಚ್ಚು ಹಾಕಿ ನೋಡಿದರೆ ಪರದೆಯ ಸೊಂಟವೂ ಹಾಗೇ ಇದೆ. ಸಮದ್ ನೆಲದ ಮೇಲೆ ಅಂಗಾತ ಮಲಗಿ ಹೆಂಡತಿಯನ್ನೇ ನೋಡಿದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಹಾಸಿಗೆ ಹಿಡಿದ ದಿನಗಳಲ್ಲಿ ಅಂಗಡಿ ಪೂರ್ತಿ ಅವಳ ತಲೆಗೆ ಬಿತ್ತು. ಪೆಟ್ಟಿಗೆಯ ಪ್ಲಗ್ಗು ಕಿತ್ತು, "ಯಾರೂ ಮುಟ್ಟಬಾರದು, ಎಂಜಿನಿಯರುಗಳಂತೂ ಮುಟ್ಟಲೇಬಾರದು" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅಂಟಿಸಿದಳು. ಬಂದವರೆಲ್ಲ ಅದನ್ನು ಓದಿ ನಕ್ಕು, ಆಮೇಲೆ, "ಅಲ್ಲ ಮಜೀದಕ್ಕ, ಏನಾಗಿದೆ ಅಂತ" ಎಂದು ಹಿಂದಕ್ಕೆ ಇಣುಕುತ್ತಿದ್ದರು. ಇತ್ತ ಮಕ್ಕಳು ಮತ್ತೆ ಸಾಲುಗಳ ನಡುವೆ ಓಡತೊಡಗಿದ್ದರು. ಒಂದು ಸಂಜೆ ಚಿರೋಟಿ ರವೆಯ ಚೀಲ ಒಡೆದು, ಅದರ ಮೇಲೆ ಒಬ್ಬ ಹುಡುಗಿ ಜಾರಿಬಿದ್ದಳು. ಏಟೇನೂ ಆಗಲಿಲ್ಲ. ಆದರೆ ತಾಯಿ ಮುಖ ಗಂಟಿಕ್ಕಿ, "ಮಕ್ಕಳಿಗೆ ಏನಾದ್ರೂ ಇಟ್ಟಿರ್ಬೇಕು ನೀವು, ಪಾಪ ಬೋರಾಗುತ್ತೆ" ಎಂದು ಬುದ್ಧಿ ಹೇಳಿ ಹೋದರು. ಮಜೀದಾ ಪೊರಕೆ ಹಿಡಿದು, ಕನ್ನಡದಲ್ಲಿ ಬೈಯುತ್ತಾ ರವೆ ಗುಡಿಸಿದಳು.

ಮುಂದಿನ ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ನಿಸರ್ಗಾ ಎಂಬ ಹೆಂಗಸು ಬಂದಳು. ಹಾಸನದ ಕಡೆಯವಳು, ಮೆಂತ್ಯ ಸೊಪ್ಪಿಗೆಂದು ಬಂದಿದ್ದಳು. ಚೀಟಿ ಓದಿದಳು, ನಗಲಿಲ್ಲ.

"ಏನಾಗಿದೆ ಇದಕ್ಕೆ?"

"ಏನೂ ಆಗಿಲ್ಲ, ಚೆನ್ನಾಗಿದೆ. ನೀವು ಸೊಪ್ಪು ತಗೊಳಿ."

"ಬೆಳಗ್ಗೆ ಜಾಸ್ತಿ ಕೆಡುತ್ತೋ, ಸಂಜೆಗೋ?"

ಮಜೀದಾ ಬಿಲ್ಲು ಮಾಡುವುದನ್ನು ನಿಲ್ಲಿಸಿದಳು. ಇಷ್ಟು ಜನ ಬಂದು ಹೋದರೂ ಒಬ್ಬರೂ ಅವಳನ್ನು ಹೀಗೆ ಕೇಳಿರಲಿಲ್ಲ. ಕೇಳದ್ದರಿಂದ ಅವಳಿಗೂ ಹೇಳಬೇಕೆಂದು ಹೊಳೆದಿರಲಿಲ್ಲ. "ಬೆಳಗ್ಗೆ ನೋಡೋಕಾಗಲ್ಲ. ಸಂಜೆ ಹೊತ್ತಿಗೆ ಸ್ವಲ್ಪ ಪರವಾಗಿಲ್ಲ" ಎಂದಳು.

"ಹಾಗಾದ್ರೆ ಕೆಪಾಸಿಟರು. ಕರೆಂಟನ್ನ ನಯ ಮಾಡಿ ಕೊಡೋದು ಅದು. ವಯಸ್ಸಾದ್ರೆ ಒಣಗುತ್ತೆ. ತಣ್ಣಗಿದ್ದಾಗ ಕೆಲಸ ಮಾಡಲ್ಲ, ಬಿಸಿಯಾದ್ಮೇಲೆ ಅಷ್ಟೋ ಇಷ್ಟೋ ಮಾಡುತ್ತೆ."

"ನಮ್ಮೆಜಮಾನ್ರ ಥರಾನೇ" ಎಂದಳು ಮಜೀದಾ. ಒಳಗಿನ ಕೋಣೆಯಲ್ಲಿ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದ ಸಮದ್ ಕೆಮ್ಮಿದ.

ಕಂಪ್ಯೂಟರುಗಳ ಪವರ್ ಸಪ್ಲೈ ಪರೀಕ್ಷೆ ಮಾಡುವುದು ನಿಸರ್ಗಾಳ ನೌಕರಿ. ಕಾರಿನಿಂದ ಚೀಲ ತಂದು ಹಿಂಬಾಗಿಲು ಬಿಚ್ಚಿದಳು. ಪ್ಲಗ್ಗು ತೆಗೆದಮೇಲೂ ಟ್ಯೂಬಿನಲ್ಲಿ ಕರೆಂಟು ಕೂತಿರುತ್ತದೆ, ಕೈ ಹಾಕಿದರೆ ಒದೆಯುತ್ತದೆ ಎಂದು ಹೇಳಿ, ತಂತಿ ಕಟ್ಟಿದ ಸ್ಕ್ರೂಡ್ರೈವರನ್ನು ಒಂದು ಕಡೆ ತಾಗಿಸಿದಳು. ಪಟ್ಟನೆ ಸದ್ದಾಯಿತು. ಮಜೀದಾಗೆ ರಘುವಿನ ನೆನಪಾಗಿ, ಬೈದದ್ದಕ್ಕೆಲ್ಲ ಮನಸ್ಸಿನಲ್ಲೇ ತೋಬಾ ಹೇಳಿದಳು. ಆ ಹುಡುಗ ಬದುಕಿರುವುದೇ ದೊಡ್ಡದು. ಬಲ್ಬಿನ ಗಾತ್ರದ ಕೆಪಾಸಿಟರೊಂದು ತಲೆ ಉಬ್ಬಿಸಿಕೊಂಡು ಕೂತಿತ್ತು.

ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು, "ಹೊಸದು ತರಿಸ್ಬೇಕು, ಮುಂದಿನ ವಾರ ಬರ್ತೀನಿ" ಎಂದು ನಿಸರ್ಗಾ ಹೊರಟೇಬಿಟ್ಟಳು. ಕರುಳು ಹೊರಗಿಟ್ಟುಕೊಂಡ ಪೆಟ್ಟಿಗೆ ದಾರಿಗಡ್ಡವಾಗಿ ವಾರವಿಡೀ ನಿಂತಿತು. ಇವಳೂ ಅದೇ ಎಂಜಿನಿಯರ್ ಜಾತಿಯವಳೇ ಇರಬೇಕು, ಮೆಂತ್ಯದ ದುಡ್ಡನ್ನೂ ಕೊಟ್ಟಿಲ್ಲ ಎಂದು ಮಜೀದಾ ದಿನಾ ಗೊಣಗಿದಳು.

ನಿಸರ್ಗಾ ಬಂದಳು. ಬೆಸುಗೆಯ ಹೊಗೆ ಕೊತ್ತಂಬರಿಯ ವಾಸನೆಯ ಜೊತೆ ಬೆರೆಯಿತು. ಸ್ವಿಚ್ಚು ಹಾಕಿದಾಗ ಬಳುಕು ನಿಂತಿತ್ತು, ಅಂಚುಗಳು ಗೆರೆ ಹೊಡೆದಂತೆ ನೆಟ್ಟಗಿದ್ದವು. ಆದರೆ ಚಿತ್ರ ಅಂಗೈಯಗಲಕ್ಕೆ ಕುಗ್ಗಿ ಮೇಲಿನ ಮೂಲೆಯಲ್ಲಿ ಕೂತಿತ್ತು. ರಘು ತಿರುವಿದ ತಿರುಪುಗಳ ಫಲ! ನಿಸರ್ಗಾ ಹಿಂದೆ ಕೂತು ಒಂದೊಂದನ್ನೇ ತಿರುವಿದಳು, ಮಜೀದಾ ಮುಂದೆ ನಿಂತು ಕೂಗಿದಳು.

"ಬಂತಾ?"

"ಇಲ್ಲ!"

"ಈಗ?"

"ಬಂತು, ಬಂತು... ಹೋಯ್ತು!"

"ಬಂತಾ ಹೋಯ್ತಾ, ಸರಿಯಾಗಿ ಹೇಳ್ರೀ!"

"ನೀವು ಸರಿಯಾಗಿ ತಿರುಗಿಸಿದ್ರೆ ನಾನು ಸರಿಯಾಗಿ ಹೇಳ್ತೀನಿ!"

ಮಂಡಿ ಮೊಹಲ್ಲಾದ ತಾರಸಿಯ ಮೇಲೆ ಆಂಟೆನಾ ತಿರುಗಿಸುತ್ತಿದ್ದ ಅಣ್ಣಂದಿರ ಜೊತೆ ಮಜೀದಾ ಹೀಗೇ ಜಗಳವಾಡುತ್ತಿದ್ದಳು. ಸೊಪ್ಪು, ಸಾಬೂನು ಹಿಡಿದ ಗಿರಾಕಿಗಳು ಸುತ್ತ ನಿಂತು ತಾವೂ "ಬಂತು, ಹೋಯ್ತು" ಎನ್ನತೊಡಗಿದರು. ಅಂತೂ ಚಿತ್ರ ಪರದೆಯ ತುಂಬ ಬಂದು ನಿಂತಿತು. ಎಡಗಡೆಯ ಕೆಳಮೂಲೆ ಒಂದಿಷ್ಟು ಓರೆ ಉಳಿಯಿತು. ಟ್ಯೂಬೇ ಹಳೆಯದು, ಅದು ಹೀಗೇ ಇರಲಿ ಎಂದು ನಿಸರ್ಗಾ ಕೈ ಒರೆಸಿಕೊಂಡಳು. ಮಜೀದಾ ಅವಳಿಗೆ ಎರಡು ಕಟ್ಟು ಮೆಂತ್ಯ, ಒಂದು ಡಬ್ಬಿ ತುಪ್ಪ ಕಟ್ಟಿಕೊಟ್ಟು, ಬೇಡವೆಂದರೂ ಬಿಡದೆ ಕಾರಿನಲ್ಲಿಟ್ಟು ಬಂದಳು.

ಸುದ್ದಿ ಹಬ್ಬಿತು. ರಘು ಬಂದು, "ನೋಡಿದ್ರಾ ಆಂಟಿ, ನಾನವತ್ತೇ ಹೇಳಿದ್ದೆ ಅಡ್ಜಸ್ಟ್‌ಮೆಂಟು ಅಂತ" ಎಂದ. ಆನಂದತೀರ್ಥರು ಪೂರ್ವಕ್ಕೆ ಮುಖಮಾಡಿದ್ದ ಪೆಟ್ಟಿಗೆಯನ್ನು ಕಂಡು ತೃಪ್ತಿಯಿಂದ ತಲೆಯಾಡಿಸಿದರು. ಸಮದ್ ಕೂಡ ಯಾರಿಗೋ, "ಫ್ರೀಜರ್ ತೆಗೆದಮೇಲೇ ಸರಿಹೋಗಿದ್ದು" ಎಂದು ಹೇಳುವುದು ಅವಳ ಕಿವಿಗೆ ಬಿತ್ತು. ಮಜೀದಾ ಯಾರಿಗೂ ಏನೂ ಹೇಳಲಿಲ್ಲ. ಹೇಳಹೊರಟರೆ ಮತ್ತೆ ಇವರೆಲ್ಲ ಪೆಟ್ಟಿಗೆಯ ಹಿಂದೆ ಸೇರಿ ಚರ್ಚೆ ಶುರುಮಾಡುತ್ತಾರೆಂಬ ಭಯ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ, ಅಂಗಡಿಯಲ್ಲಿ ಒಬ್ಬಳೇ ಇದ್ದಾಗ ಪರದೆಯ ಮುಂದೆ ನಿಂತಳು. ಇಷ್ಟು ದಿನದಲ್ಲಿ ಅವಳು ಒಮ್ಮೆಯೂ ಆ ಆಟ ಆಡಿರಲಿಲ್ಲ. ಗಲ್ಲಾದಿಂದ ಒಂದು ನಾಣ್ಯ ತೆಗೆದು ಹಾಕಿ ಹಿಡಿಯನ್ನು ಹಿಡಿದಳು. ಮೊದಲ ಬಂಡೆ ಇಳಿದು ಬಂತು. ಅವಳು ಬಲಕ್ಕೆ ಎಳೆದಳೋ ಎಡಕ್ಕೆ ಎಳೆದಳೋ, ವಿಮಾನ ನೇರವಾಗಿ ಹೋಗಿ ಬಂಡೆಗೆ ಬಡಿದು ಚೂರಾಯಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

"ಥೂ ನಿನ್ನ! ಇದಕ್ಕಾ ಇಷ್ಟೆಲ್ಲ!" ಎಂದು ಪೆಟ್ಟಿಗೆಯ ಮೈಗೆ ಒಂದು ಗುದ್ದು ಕೊಟ್ಟಳು. ಮರುಕ್ಷಣವೇ ಗಾಬರಿಯಾಗಿ ಪರದೆಯತ್ತ ಬಗ್ಗಿದಳು. ಚಿತ್ರ ನೆಟ್ಟಗೇ ಇತ್ತು. ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದರು. "ಬಂದೇ, ಒಂದು ನಿಮಿಷ" ಎಂದು ಕೂಗಿ, ಅವಳು ಗಲ್ಲಾಕ್ಕೆ ಹೋಗಿ ಇನ್ನೊಂದು ನಾಣ್ಯ ತಂದಳು.